ಹಾರೆ ಇಳಿದಷ್ಟು ಆಳ

ಜನವರಿ ೧೧, ಭಾನುವಾರ

ಇವತ್ತು ಇವರಿಗೊಂದು ಸುಳ್ಳು ಹೇಳಿದೆ. ಅದೇ ಕೊರೆಯುತ್ತಿದೆ.

ಹಿಮ ಬಿದ್ದಾಯಿತು, ಬಿಳಿ ಗಜ್ಜರಿಯಂಥ ಪಾರ್ಸ್ನಿಪ್ ಗೆಡ್ಡೆ ಸಿಹಿ ಹಿಡಿದಿರುತ್ತದೆ ಎಂದು ಹಿತ್ತಲ ಸಾಲನ್ನು ಅಗೆದೆವು. ಅಗೆದೆವು ಅಂತ ಏನು ಬಂತು, ಅಗೆದವಳು ನಾನು. ಇವರು ಸ್ಟೂಲಿನ ಮೇಲೆ ಕೂತು ಯಜಮಾನಿಕೆ ಮಾಡಿದರು. ಸೊಂಟ ಹಿಡಿದಿದೆಯಂತೆ.

ಮೊದಲ ಗೆಡ್ಡೆಗಳು ಮೊಳದುದ್ದ, ಮೇಣದ ಬತ್ತಿಯ ಹಾಗೆ ನೆಟ್ಟಗೆ. ಬಿತ್ತುವಾಗ ಹಾರೆಯಿಂದ ಆಳವಾಗಿ ಕುಳಿ ಹೊಡೆದು, ಜರಡಿ ಹಿಡಿದ ಮಣ್ಣು ತುಂಬುವವರು ಇವರೇ. ಆ ಹಾರೆಯನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಪ್ರತಿ ವರ್ಷ ಸಾಲಿನ ತುದಿಯವರೆಗೂ ಒಂದೇ ಅಳತೆಯ ಗೆಡ್ಡೆ. ಈ ಸಲ ಅರ್ಧ ದಾಟಿದ ಮೇಲೆ ಗಿಡ್ಡವಾಗುತ್ತಾ ಬಂದವು. ಕೊನೆಯವು ಗೇಣುದ್ದವೂ ಇಲ್ಲ, ಕೆಳಗಿನ ಗಟ್ಟಿ ನೆಲಕ್ಕೆ ತಾಗಿ ಕವಲೊಡೆದಿದ್ದವು.

"ಕಲ್ಲು ಸಿಕ್ಕಿರ್ಬೇಕು ನೋಡು," ಅಂದರು, ನನ್ನ ಮುಖ ನೋಡದೆ.

ಮಣ್ಣಿನಲ್ಲಿ ಕೈಯಾಡಿಸಿದೆ. ಒಂದು ಹರಳೂ ಇಲ್ಲ. ಬಿತ್ತನೆಯ ದಿನವೇ ಇವರ ತೋಳು ಸೋತಿತ್ತು, ಹಾರೆ ಅಷ್ಟಕ್ಕೇ ನಿಂತಿತ್ತು. ಅಂದಿನಿಂದ ಅದನ್ನು ಒಬ್ಬರೇ ನುಂಗಿಕೊಂಡು ಓಡಾಡಿದ್ದಾರೆ.

"ಹೌದು ರೀ, ಕಲ್ಲೇ," ಅಂದೆ.

"ಈ ಸೊಟ್ಟಗಿರೋದನ್ನ ಬಿಸಾಕ್ಲಾ ಅಮ್ಮಾ?" ಅಂತ ಮಗಳು ಕೇಳಿದಳು. ಬೇಡ ಎಂದೆ. ಸೂಪಿಗೆ ಮೊದಲು ಅವನ್ನೇ ಹೆಚ್ಚಿ ಹಾಕಿದೆ. ಇವರು ಮತ್ತೆ ಬಡಿಸಿಕೊಂಡು ಕುಡಿದರು, ಸಿಹಿ ಚೆನ್ನಾಗಿ ಬಂದಿದೆ ಎಂದರು.

ನಾಳೆ ಡಾಕ್ಟರ ಹತ್ತಿರ ಹೊರಡಿಸಬೇಕು. ಕಲ್ಲೇ ಎಂದು ಒಪ್ಪಿಕೊಂಡವಳು ಈಗ ಯಾವ ಬಾಯಲ್ಲಿ ಹೇಳಲಿ, ತೋಳು ತೋರಿಸೋಣ ಬನ್ನಿ ಎಂದು?