ಅಂಬಕ್ಕ ಒಲ್ಲೆನೆಂದ ಹತ್ತು ರೂಪಾಯಿ

ಪುಣೆ, ೧೨ ಆಗಸ್ಟ್ ೧೯೩೬, ಬುಧವಾರ

ಧಾರವಾಡಕ್ಕೆ ಅಂಬಕ್ಕನ ಹೆಸರಿಗೆ ಕಳಿಸಿದ್ದ ಮನಿಯಾರ್ಡರ್ ಇವತ್ತು ವಾಪಸು ಬಂತು. ತೆಗೆದುಕೊಳ್ಳಲು ಒಪ್ಪಲಿಲ್ಲ ಎಂದು ಬರೆದಿದೆ. ತಾಯಿಯಿಲ್ಲದ ನನ್ನನ್ನು ಬೆಳೆಸಿದ ಅಕ್ಕ. ಇಲ್ಲಿ ಗುಮಾಸ್ತಿಕೆ ಸಿಕ್ಕ ಮೇಲೆ ಒಂಬತ್ತು ವರ್ಷ ಒಂದು ತಿಂಗಳೂ ತಪ್ಪಿಸದೆ ಕಳಿಸಿದ್ದೇನೆ.

ಅವಳಿಗೇನಾಯಿತೋ ಎಂದು ನಾನು ಒದ್ದಾಡುತ್ತಿದ್ದರೆ ಹೆಂಡತಿ ಭಾಮಾ ತಲೆಯೆತ್ತದೆ ಅಕ್ಕಿ ಆರಿಸುತ್ತಿದ್ದಳು. ನನಗೆ ಅನುಮಾನ ಬಂತು.

"ನಿನಗೇನರೆ ಗೊತ್ತದ ಏನು?" ಎಂದೆ.

"ನಾನ ಪತ್ರಾ ಬರದಿದ್ದೆರಿ. ಎರಡೂ ಕಡೆ ಸಂಸಾರ ನಡಸೋದು ಭಾಳ ಕಷ್ಟ ಆಗೇದ, ನೀವೂ ಇಲ್ಲೇ ಬಂದುಬಿಡ್ರಿ ಅಂತ. ಅಷ್ಟ."

ಅಕ್ಕನ ಉತ್ತರ ಬಂದು ಎಂಟು ದಿನವಾಗಿತ್ತಂತೆ. ಬೇಳೆಯ ಡಬ್ಬಿಯ ಹಿಂದಿನಿಂದ ತೆಗೆದುಕೊಟ್ಟಳು. ಯಾರಿಂದಲೋ ಬರೆಸಿದ್ದಾಳೆ: "ನಿಮ್ಮ ಒಂದು ಖೋಲಿಯೊಳಗ ನಾ ಎಲ್ಲೆ ಮಲಗಲೆವ್ವಾ? ಇಲ್ಲೇ ಹುಡುಗರ ಖಾನಾವಳಿಯೊಳಗ ಅಡಿಗಿಗೆ ನಿಂತೇನಿ. ಇನ್ನ ರೊಕ್ಕಾ ಕಳಸಬ್ಯಾಡ್ರಿ."

ಐವತ್ತೆಂಟನೆಯ ವಯಸ್ಸಿನಲ್ಲಿ ಪರರ ಒಲೆಯ ಮುಂದೆ ನಿಂತಿದ್ದಾಳೆ. ಭಾಮಾಳನ್ನು ಬೈಯಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. ಪತ್ರ ಓದಿ ಮುಗಿಸಿದಾಗ ಒಂದು ಕ್ಷಣ ನನಗೆ ಹಗುರವೆನಿಸಿತ್ತು. ಅದನ್ನು ಅವಳು ನನ್ನ ಮುಖದಲ್ಲಿ ನೋಡಿಬಿಟ್ಟಿದ್ದಳು.

"ಹೋಗಿ ಕರಕೊಂಡ ಬರ್ರಿ," ಎಂದಳು. "ನಾ ಖರೇನ ಕರದಿದ್ದೆ."

ನಾಳೆ ರಜೆ ಕೇಳಿ ಧಾರವಾಡದ ಗಾಡಿ ಹತ್ತುತ್ತೇನೆ. ಅಕ್ಕ ಬರಲಿಕ್ಕಿಲ್ಲ. ಬಾ ಎಂದು ಕರೆಯುವಾಗ, ಅವಳು ಒಲ್ಲೆನೆಂದರೆ ಸಾಕೆಂದು ನನ್ನೊಳಗೆ ಎಲ್ಲಾದರೂ ಅನಿಸಿದರೆ, ಅದು ಅಕ್ಕನಿಗೂ ನನ್ನ ಮುಖದಲ್ಲಿ ಕಂಡೀತು.