ಬಾಯಿಮಾತಿನ ಅನುಮತಿ

ಮಾರ್ಚ್ 4, ಬೆಳಗ್ಗೆ 6

ಕೂಸು ಈಗ ಮಲಗಿತು. ನನಗೆ ಮಾತ್ರ ರೆಪ್ಪೆ ಅಂಟಲಿಲ್ಲ, ಎಂದಿನ ಹಾಗೆ. ಹಾಲಿನ ಬಾಟಲಿ ಕುದಿಯಲು ಇಟ್ಟು ಬರೆಯುತ್ತಿದ್ದೇನೆ. ಹತ್ತಕ್ಕೆ ವಕೀಲರ ಹತ್ತಿರ.

ಕೆಲಸದಲ್ಲಿದ್ದುಕೊಂಡೇ ಎಂ.ಎಸ್ಸಿ. ಮಾಡಿದ ಸರ್ಕಾರಿ ನರ್ಸುಗಳಿಗೆ ಎರಡು ಇನ್‌ಕ್ರಿಮೆಂಟು ಹೆಚ್ಚು — ನಿಯಮವೇ ಇದೆ. ನನಗಿಲ್ಲವಂತೆ. 'ಮುಂಚಿತವಾಗಿ ಅನುಮತಿ ಪಡೆದಿಲ್ಲ.' ಅದಕ್ಕೇ ಕೇಸು ಹಾಕಿದ್ದು.

ಪಡೆದಿದ್ದೆ! ನಮ್ಮ ಆಸ್ಪತ್ರೆಯಲ್ಲಿ ಅನುಮತಿ ಎಂದರೆ ನರ್ಸುಗಳ ಮೇಲ್ವಿಚಾರಕಿ ದೊಡ್ಡ ಸಿಸ್ಟರ್ ನೈಟ್ ಡ್ಯೂಟಿ ಹಾಕುವುದು. ಹಗಲು ಕಾಲೇಜು, ರಾತ್ರಿ ವಾರ್ಡು. "ಓದೇ ಹುಡುಗಿ, ಮೇಲಿನೋರಿಗೆ ನಾನು ಹೇಳ್ಕೋತೀನಿ" ಎಂದಿದ್ದರು. ಅಲ್ಲಿಗೆ ಮುಗಿಯಿತು. ಕಾಗದಗೀಗದ ಯಾರು ಕೇಳಿದ್ದರು?

ಅದೇ ದಿನ, ಮಧ್ಯಾಹ್ನ

ವಕೀಲರು: "ಬಾಯಿಮಾತಾದ್ರೂ ಅನುಮತಿ ಅನುಮತೀನೇ ಅಂತ ವಾದ ಮಾಡೋಣ. ಆದ್ರೆ ಕೊಟ್ಟೋರು ಯಾರು ಅಂತ ನೀವು ಕೋರ್ಟಲ್ಲಿ ಹೇಳ್ಬೇಕು. ಅವರನ್ನೂ ಸಾಕ್ಷಿಗೆ ಕರೆಸ್ತೀನಿ."

ದೊಡ್ಡ ಸಿಸ್ಟರ್ ಇನ್ನೇನು ರಿಟೈರ್ ಆಗುವವರು. ಅಧಿಕಾರವಿಲ್ಲದೆ ಅನುಮತಿ ಕೊಟ್ಟರೆಂದು ವಿಚಾರಣೆ ಎದ್ದರೆ ಪಿಂಚಣಿ ತಡೆಹಿಡಿಯುತ್ತಾರೆ. ಹೇಳಿದೆ.

"ಅದು ಅವರ ತಲೆನೋವು ಬಿಡಿ."

ಮಾರ್ಚ್ 9

ಅತ್ತೆ ಊಟಕ್ಕೆ ಕೂತಾಗ ಶುರು ಮಾಡಿದರು. "ಹೆರಿಗೆ ದಿನ ನಿನ್ನ ಕೈ ಹಿಡ್ಕೊಂಡು ನಿಂತಿದ್ದು ಯಾರೇ? ನಾನಲ್ಲ, ಇವನಂತೂ ಅಲ್ವೇ ಅಲ್ಲ. ಆ ದೊಡ್ಡ ಸಿಸ್ಟರ್ರೇ."

ನಮ್ಮವರು: "ಹಾಗಂತ ಹಕ್ಕು ಬಿಡೋಕಾಗುತ್ತಾ ಅಮ್ಮ? ನಾವೇನು ನಿದ್ದೆಗೆಟ್ಟು ಓದಿದ್ದು ಸುಮ್ನೇನಾ?"

"ನಾವು? ನೀನು ಗೊರಕೆ ಹೊಡೀತಿದ್ಯಲ್ಲೋ!"

ನಗು ಬಂತು. ನಕ್ಕ ಸದ್ದಿಗೆ ಕೂಸು ಎದ್ದಿತು.

ಮಾರ್ಚ್ 16

ಕೂಸಿನ ಜ್ವರಕ್ಕೆ ಎರಡು ದಿನ ರಜೆ ಹಾಕಿ ಇವತ್ತು ವಾರ್ಡಿಗೆ ಹೋದೆ. ಸಮನ್ಸ್ ತಲುಪಿರಬೇಕು. ದೊಡ್ಡ ಸಿಸ್ಟರ್ ಮುಖ ಕೊಟ್ಟು ಮಾತಾಡಲಿಲ್ಲ. ಹಾಸಿಗೆಯ ಚಾದರ ಎಳೆದು ಸರಿಮಾಡುತ್ತಾ, ನನ್ನ ಕಡೆ ನೋಡದೆ, "ಮಗೂಗೆ ಜ್ವರ ಇಳೀತಾ?" ಅಷ್ಟೇ. ಉತ್ತರಕ್ಕೂ ನಿಲ್ಲಲಿಲ್ಲ.

ಕೋಪವಾ? ಹೆದರಿಕೆಯಾ? ಹೆದರಿಕೆಯೇ ಇರಬೇಕು.

ಏಪ್ರಿಲ್ 2, ಕೋರ್ಟಿನ ವರಾಂಡ

ಮಾಡಬಾರದ್ದು ಮಾಡಿದೆ.

ಒಳಗೆ ಹೋಗುವಾಗ ದೊಡ್ಡ ಸಿಸ್ಟರ್ ಬಾಗಿಲ ಹೊರಗೆ ಬೆಂಚಿನ ಮೇಲೆ ಇದ್ದರು. ಕೈಚೀಲ ಅವುಚಿಕೊಂಡು, ತುಟಿ ಒಣಗಿ. ಅದೇ ಮುಖ ಕಣ್ಣಲ್ಲಿತ್ತು.

ಸರ್ಕಾರಿ ವಕೀಲರು ಕೇಳಿದರು, "ನಿಮಗೆ ಅನುಮತಿ ಕೊಟ್ಟೋರು ಯಾರು?"

"ಯಾರೂ ಇಲ್ಲ" ಎಂದುಬಿಟ್ಟೆ. ಪ್ರಮಾಣ ಮಾಡಿದ ಬಾಯಲ್ಲೇ. ನಮ್ಮ ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು.

ಆಮೇಲೆ ದೊಡ್ಡ ಸಿಸ್ಟರನ್ನು ಕರೆದರು. ನಾನು ಏನು ಹೇಳಿದ್ದೆನೆಂದು ಅವರಿಗೆ ಗೊತ್ತಿಲ್ಲ. ಕೈಚೀಲ ಕೆಳಗಿಟ್ಟು, ವಾರ್ಡಿನಲ್ಲಿ ಕೂಗುವ ದನಿಯಲ್ಲೇ — "ನಾನೇ ಕೊಟ್ಟೆ. ಎಲ್ಲರಿಗೂ ಹೀಗೇ ಕೊಡ್ತಿದ್ದೆ. ಬರೆದುಕೊಡಿ ಅಂತ ಮೇಲಿನೋರು ಒಂದಿನ ಕೇಳಲಿಲ್ಲ."

ನ್ಯಾಯಾಧೀಶರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. "ಇಬ್ಬರಲ್ಲಿ ಒಬ್ಬರದು ಸುಳ್ಳು. ಊಟ ಆದ್ಮೇಲೆ ಇವರನ್ನ ಮತ್ತೆ ಕರೀರಿ."

ಇವರು ಎಂದರೆ ನಾನು.

ಹೊರಗೆ ಬಂದವರೇ ದೊಡ್ಡ ಸಿಸ್ಟರ್ ನನ್ನ ಪಕ್ಕದಲ್ಲಿ ಕೂತರು. "ಲೇ, ನಿನ್ನ ಉಪಕಾರ ಯಾರೇ ಕೇಳಿದ್ರು? ಒಂದ್ಸಲ ತಲೆ ಎತ್ಕೊಂಡು ನಿಜ ಹೇಳೋಣ ಅಂತ ಬಂದ್ರೆ ನನ್ನನ್ನೇ ಸುಳ್ಳಿ ಮಾಡ್ಬಿಟ್ಟೆ."

"ನೀವು ಮಾತೇ ಬಿಟ್ಟಿದ್ರಿ ಸಿಸ್ಟರ್..."

"ಸಾಕ್ಷಿ ಹೇಳೋರು ಮೊದಲೇ ಮಾತಾಡ್ಕೋಬಾರ್ದು ಅಂದ್ರು ಕಣೇ ಸಮನ್ಸ್ ತಂದೋರು! ಅದಕ್ಕೇ ಬಾಯಿ ಹೊಲ್ಕೊಂಡಿದ್ದೆ."

ಇಷ್ಟೇ. ಇಷ್ಟಕ್ಕೆ.

ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿದೆ. ಈಗ ನಿಜ ಹೇಳಿದರೆ ಬೆಳಗ್ಗೆ ಸುಳ್ಳು ಹೇಳಿದವಳು ನಾನು — ಇನ್‌ಕ್ರಿಮೆಂಟು ಹಾಗಿರಲಿ, ಕೆಲಸ ಉಳಿಯುತ್ತದೋ ಇಲ್ಲವೋ. ಹೇಳದಿದ್ದರೆ ಇವರು ಸುಳ್ಳಿ. ಪಿಂಚಣಿಗೂ ಕಲ್ಲು.

ಕೂಗುತ್ತಿದ್ದಾರೆ. ದೊಡ್ಡ ಸಿಸ್ಟರ್ ನನ್ನ ಸೆರಗು ಸರಿಮಾಡಿದರು, ಹಾಸಿಗೆಯ ಚಾದರ ಎಳೆದ ಹಾಗೇ. ಹೇಳುತ್ತೇನೆ. ಕೊಟ್ಟದ್ದು ಇವರೇ, ಬೆಳಗ್ಗೆ ನಾನು ಹೇಳಿದ್ದು ಸುಳ್ಳು ಅಂತ —