ಆಷಾಢಕ್ಕೆ ಹುಬ್ಬಳ್ಳಿ

ಉಳವಿ
೨೪ ಜೂನ್ ೨೦೨೫

ನನ್ನ ಮುದ್ದು ಅಮ್ಮಾ,

ಫೋನಿನಲ್ಲಿ ಹೇಳಿದರೆ ಅಪ್ಪ ಸ್ಪೀಕರ್ ಹಾಕಿಸುತ್ತಾರೆ, ಅದಕ್ಕೇ ಕಾಗದ. ಒಬ್ಬಳೇ ಓದು.

ಎಷ್ಟು ಖುಷಿಯಾಗಿದ್ದೇನೆ ಗೊತ್ತಾ? ಬೆಳಿಗ್ಗೆ ನಿನ್ನ ಅಳಿಯ ತೀರ್ಥೇಶ್ ಬೈಕ್ ತೊಳೆಯುವುದನ್ನು ನೋಡುತ್ತ ನಿಂತರೆ ಒಲೆಯ ಮೇಲಿನ ಹಾಲು ಮರೆತೇ ಹೋಗುತ್ತದೆ. ಓದಿದ ಸೊಸೆಯನ್ನು ಕಂಡರೆ ಹಾಲೂ ಎದ್ದು ನಿಲ್ಲುತ್ತದೆ ಎಂದು ಅತ್ತೆ ವನಜಮ್ಮ ನಗುತ್ತಾರೆ.

ಈಗ ವಿಷಯ. ಮದುವೆಗೆ ಮುಂಚೆ ಇಂಟರ್‌ವ್ಯೂ ಕೊಟ್ಟಿದ್ದೆನಲ್ಲ, ಹುಬ್ಬಳ್ಳಿಯ ಬೀಜ ಪರೀಕ್ಷೆಯ ಲ್ಯಾಬು, ಆ ಕೆಲಸ ನನಗೇ ಸಿಕ್ಕಿದೆ! ಮುಂದಿನ ವಾರ ಸೇರದಿದ್ದರೆ ಬೇರೆಯವರಿಗೆ ಕೊಡುತ್ತಾರೆ.

ಊಟದ ಹೊತ್ತಿನಲ್ಲಿ ಯಾರದೋ ಮನೆಯ ಸೊಸೆಯ ಕಥೆಯೆಂಬಂತೆ ಕೇಳಿ ನೋಡಿದೆ. ಗಂಡಸು ದುಡಿಯಲು ಹೋದರೆ ಮನೆ ಉದ್ಧಾರ, ಹೆಂಗಸು ಹೋದರೆ ಗಂಡನ ಕೈಲಾಗಲಿಲ್ಲ ಅಂತಾರೆ ಎಂದರು ಮಾವ. ಮದುವೆಯಾಗಿ ನಾನು ಶಿಕಾರಿಪುರ ಬಿಟ್ಟು ಈ ಸೊರಬದ ಸೀಮೆಗೆ ಬಂದಾಗ ಹೆಂಗಸು ಊರು ಬಿಡಬಾರದು ಅಂತ ಯಾರೂ ಅನ್ನಲಿಲ್ಲ, ನೋಡು ಅಮ್ಮ.

ತೀರ್ಥೇಶ್‌ಗೆ ಹೇಳಿದ್ದು ತಾಳಗುಂದದ ಹತ್ತಿರ, ಬೈಕಿನ ಮೇಲೆ. ಎರಡೂ ಕಡೆ ಮೆಕ್ಕೆಜೋಳದ ಎಳೆ ಪೈರು, ಮೋಡವೊಂದು ನಮ್ಮ ಜೊತೆಯಲ್ಲೇ ತೇಲಿ ಬರುತ್ತಿತ್ತು. ಅವರ ಬೆನ್ನಿಗೆ ಕೆನ್ನೆ ಆನಿಸಿ ಸಂಬಳವನ್ನೂ ಹೇಳಿಬಿಟ್ಟೆ. ಪಿಯುಸಿ ಓದಿ ಜೋಳ ಬಿಡಿಸುವ ಮಿಷನ್ ಓಡಿಸುವವರು ಅವರು. ನನ್ನದು ಅವರ ದುಡಿಮೆಗಿಂತ ಹೆಚ್ಚು. ಬೈಕು ನಿಧಾನವಾಯಿತು, ಹೊಲಗಳೂ ನಿಂತಂತಾಯಿತು. ಆಮೇಲೆ, "ನನ್ನ ಮಿಷನ್ನು ಜೋಳ ಇದ್ದಲ್ಲಿಗೆ ಹೋಗ್ತದೆ ಕಣೆ. ಆ ಕಡೆನೂ ಜೋಳ ಬೆಳೀತಾರೆ" ಅಂದರು.

ಉಪಾಯವೂ ಅವರದೇ. ಆಷಾಢದಲ್ಲಿ ಅತ್ತೆ, ಹೊಸ ಸೊಸೆ ಒಂದೇ ಹೊಸಿಲು ದಾಟಬಾರದೆಂದು ಹೇಗೂ ತವರಿಗೆ ಕಳಿಸುತ್ತಾರೆ. ನಾನು ಶಿಕಾರಿಪುರದ ಬಸ್ಸು ಹತ್ತಿ ಹಾಗೇ ಹುಬ್ಬಳ್ಳಿಗೆ ಹೋಗುತ್ತೇನೆ. ಇಲ್ಲಿಂದ ಯಾರಾದರೂ ಫೋನ್ ಮಾಡಿ ವಿಚಾರಿಸಿದರೆ ಸ್ಪಂದನ ಮಲಗಿದ್ದಾಳೆ ಎಂದುಬಿಡು. ಒಂದು ಸಂಬಳ ಕೈಗೆ ಬಂದಮೇಲೆ ಬೇಡ ಅನ್ನುವುದು ಅತ್ತೆ ಮಾವನಿಗೂ ಕಷ್ಟ. ಒಪ್ಪುತ್ತೀಯಲ್ಲ?

ಕನಸಿನಲ್ಲಿ ಆಗಲೇ ಬಸ್ಸು ಹತ್ತಿರುವ
ನಿನ್ನ ಸ್ಪಂದನ

ತಾ.ಕ.: ನೀನು ಸುಳ್ಳು ಹೇಳುವುದು ಬೇಡ ಅಮ್ಮ. ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಬಂದು ನನ್ನ ಬ್ಯಾಗಿನಲ್ಲಿದ್ದ ಕುಕ್ಕರ್ ನೋಡಿದರು. ತವರಿಗೆ ಕುಕ್ಕರ್ ಯಾಕೆ, ಅಲ್ಲಿ ಅಡುಗೆ ಮಾಡಲ್ವಾ ಎಂದು ಕೇಳಿದರು. ಎಲ್ಲವನ್ನೂ ಹೇಳಿಬಿಟ್ಟೆ. ಸಂಬಳ ಮಗನ ದುಡಿಮೆಗಿಂತ ಜಾಸ್ತಿಯಾ ಎಂದು ಕೇಳಿದರು, ಹೌದೆಂದೆ. ಆಮೇಲೆ ಕುಕ್ಕರಿಗೆ ತೊಗರಿಬೇಳೆ ತುಂಬುತ್ತ, "ನೀನು ಹುಬ್ಬಳ್ಳಿಗೆ ಹೋಗಿದ್ದನ್ನ ನಾನು ಹೇಳ್ಕಂತೀನಿ. ಸಂಬಳ ಮಾತ್ರ ನಿಮ್ಮ ಮಾವಂಗೆ ಹೇಳಬ್ಯಾಡ" ಅಂದರು. ಶ್ರಾವಣಕ್ಕೆ ವಾಪಸ್ ಬಾ ಎಂದು ಅನ್ನಲೇ ಇಲ್ಲ.